ಎಂಜಿನ್ನಿನ ಎಂಜಲು ಬಿಸಿ

ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಬಟನ್ ಇರುತ್ತೆ. ಮುಂದಿನ ಗಾಜಿನ ಆಕಾರದ ಚಿತ್ರ, ಅದರೊಳಗೆ ಮೇಲಕ್ಕೆ ಹೋಗುವ ಮೂರು ಅಂಕುಡೊಂಕು ಬಾಣ. ಬೆಂಗಳೂರಲ್ಲಿ ಕಾರು ಓಡಿಸುವ ನಮ್ಮಂಥವರು ಅದನ್ನು ಒತ್ತುವುದು ವರ್ಷಕ್ಕೆ ಹತ್ತು ಸಲ ಇರಬಹುದು. ಜುಲೈನಲ್ಲಿ ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ ಗಾಜಿನೊಳಗೆ ಹಬೆ ಕಟ್ಟುತ್ತೆ, ಬಟನ್ ಒತ್ತುತ್ತೇವೆ, ಒಂದೆರಡು ನಿಮಿಷಕ್ಕೆ ಗಾಜು ತಿಳಿಯಾಗುತ್ತೆ, ಆಮೇಲೆ ಮರೆತುಬಿಡುತ್ತೇವೆ. ಡೆಟ್ರಾಯಿಟ್, ಮಿನಿಯಾಪೊಲಿಸ್, ಟೊರಾಂಟೊ ಕಡೆ ಹೋದ ಕನ್ನಡಿಗರನ್ನು ಕೇಳಿ ನೋಡಿ, ಅವರು ಆ ಬಟನ್ನನ್ನು ಅಷ್ಟು ಸುಲಭಕ್ಕೆ ಮರೆಯೋದಿಲ್ಲ.

ಅಲ್ಲಿ ಜನವರಿಯ ಬೆಳಿಗ್ಗೆ ಏಳು ಗಂಟೆಗೆ ಮನೆಯಿಂದ ಹೊರಡೋಕೆ ಆಗುತ್ತೋ ಇಲ್ಲವೋ ಅನ್ನೋದನ್ನು ನಿರ್ಧರಿಸೋದು ಅದೇ. ರಾತ್ರಿಯೆಲ್ಲ ಹೊರಗೆ ನಿಂತ ಕಾರಿನ ಗಾಜಿನ ಮೇಲೆ ಗಟ್ಟಿ ಹಿಮದ ಪದರ. ಡಿಫ್ರಾಸ್ಟರ್ ಹಾಕಿದರೆ ಗಾಳಿ ಬರುತ್ತೆ, ಬಿಸಿ ಬರಲ್ಲ. ಅಥವಾ ಬಿಸಿ ಬರುತ್ತೆ, ಗಾಜಿನ ತನಕ ತಲುಪಲ್ಲ. ಆಗ ಅವಸರದಲ್ಲಿರೋ ಜನ ಸ್ಕ್ರೇಪರ್ ಹಿಡಿದು ಡ್ರೈವರ್ ಎದುರಿಗೆ ಊಟದ ತಟ್ಟೆಯಷ್ಟು ಜಾಗ ಕೆರೆದು, ಆ ಕಿಂಡಿಯಲ್ಲಿ ಇಣುಕುತ್ತ ಹೊರಟುಬಿಡುತ್ತಾರೆ. ರಸ್ತೆ ಪಕ್ಕ ಶಾಲೆ ಬಸ್ಸಿಗೆ ಕಾಯುತ್ತಿರೋ ಮಕ್ಕಳು ಆ ಕಿಂಡಿಯಲ್ಲಿ ಕಾಣಲ್ಲ.

ಒಂದು ಪ್ರಾಜೆಕ್ಟಿನ ನೆಪದಲ್ಲಿ ನಾನು ಮಿಶಿಗನ್ನಿನಲ್ಲಿ ಮೂರು ಚಳಿಗಾಲ ಕಳೆದೆ. ಡಿಫ್ರಾಸ್ಟರ್ ಯಾಕೆ ಸೋಲುತ್ತೆ ಅನ್ನೋ ಕುತೂಹಲ ಹುಟ್ಟಿದ್ದು ಅಲ್ಲೇ. ಹಳೇ ಕೋಡಿನಲ್ಲಿ ಬಗ್ ಹುಡುಕುವವರಿಗೆ ಒಂದು ವಿಷಯ ಗೊತ್ತಿರುತ್ತೆ. ತೊಂದರೆ ಕೊಡೋ ಸಾಲಿಗೆ ಗಿಟ್ ಬ್ಲೇಮ್ ಹಾಕಿದರೆ ಅಲ್ಲಿ ಯಾವುದೋ ಹಳೇ ರಾಜಿ ಸಿಗುತ್ತೆ, ಯಾರೋ ಯಾವತ್ತೋ "ಸದ್ಯಕ್ಕೆ ಹೀಗಿರಲಿ" ಅಂದದ್ದು. ಡಿಫ್ರಾಸ್ಟರಿನ ಕಥೆಯೂ ಹಾಗೇ. ಅದರ ಒಂದೊಂದು ದುರ್ಬಲ ಜಾಗದಲ್ಲೂ ನೂರು ವರ್ಷದ ಇತಿಹಾಸದ ಒಂದೊಂದು ರಾಜಿ ಕೂತಿದೆ.

ಮೊದಲು ಗಾಜಿನ ವಿಷಯ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಆರಂಭದಲ್ಲಿ ಮುಂದಿನ ಗಾಜೇ ಎಕ್ಸ್‌ಟ್ರಾ, ಬೇಕಾದವರು ಬೇರೆ ದುಡ್ಡು ಕೊಟ್ಟು ಹಾಕಿಸಿಕೊಳ್ಳಬೇಕಿತ್ತು. ಗಾಜು ಇದ್ದವರಿಗೆ ಬೇರೆ ಪಾಡು. ಅಲಬಾಮಾದ ಮೇರಿ ಆಂಡರ್ಸನ್ ಅನ್ನುವಾಕೆ ಒಂದು ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋದಾಗ ಟ್ರಾಮ್ ಚಾಲಕ ಹಿಮಮಳೆಯಲ್ಲಿ ಎದುರಿನ ಗಾಜನ್ನೇ ತೆರೆದಿಟ್ಟು ಓಡಿಸುತ್ತಿದ್ದದ್ದನ್ನು ನೋಡಿದಳು. ಮುಚ್ಚಿದರೆ ಏನೂ ಕಾಣಲ್ಲ, ತೆರೆದರೆ ಮುಖಕ್ಕೆ ಹಿಮ. ಒಳಗಿಂದಲೇ ಹಿಡಿ ತಿರುಗಿಸಿ ಹೊರಗಿನ ಗಾಜು ಒರೆಸುವ ಉಪಕರಣಕ್ಕೆ ಅವಳಿಗೆ 1903ರ ನವೆಂಬರಿನಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಕೊಳ್ಳೋಕೆ ಯಾರೂ ಮುಂದೆ ಬರಲಿಲ್ಲ. ಪೇಟೆಂಟಿನ ಅವಧಿ 1920ರಲ್ಲಿ ಮುಗಿಯಿತು, ವೈಪರ್ ಮನೆಮಾತಾದದ್ದು ಆಮೇಲೆ. ಎದುರಿನ ದಾರಿ ಕಾಣಿಸಬೇಕು ಅನ್ನೋದು ಆ ಕಾಲಕ್ಕೆ ಮುಖ್ಯ ಸಮಸ್ಯೆಯೇ ಆಗಿರಲಿಲ್ಲ. ಕಾರು ಸ್ಟಾರ್ಟ್ ಆಗೋದೇ ದೊಡ್ಡದು.

1920ರ ಸುಮಾರಿನ ತನಕ ಹೆಚ್ಚಿನ ಕಾರುಗಳು ನಮ್ಮ ಹಳೇ ಜೀಪಿನ ಹಾಗೆ ತೆರೆದವು. ಜನ ಉಣ್ಣೆ ಕಂಬಳಿ ಹೊದ್ದು, ಕಾಲಡಿಗೆ ಇದ್ದಿಲು ತುಂಬಿದ ಪೆಟ್ಟಿಗೆ ಇಟ್ಟುಕೊಂಡು ಹೋಗುತ್ತಿದ್ದರು. ಕಾಶ್ಮೀರಿಗಳ ಕಾಂಗ್ಡಿ, ನಮ್ಮ ಅಗ್ಗಿಷ್ಟಿಕೆ, ಎಲ್ಲಾ ಒಂದೇ ಉಪಾಯ. ಆ ದಶಕ ಮುಗಿಯೋ ಹೊತ್ತಿಗೆ ಚಿತ್ರ ಬದಲಾಯಿತು. ಹೊಸ ಕಾರುಗಳಲ್ಲಿ ಬಹುಪಾಲು ಬಾಗಿಲು, ಕಿಟಕಿ, ಸೂರು ಎಲ್ಲಾ ಇರೋ ಮುಚ್ಚಿದ ಕಾರುಗಳಾದವು. ಚಳಿ ಹೊರಗೆ ನಿಂತಿತು, ಆದರೆ ಉಸಿರು ಒಳಗೇ ಉಳಿಯಿತು. ಸುಮ್ಮನೆ ಕೂತ ಮನುಷ್ಯ ಗಂಟೆಗೆ ಹತ್ತಿಪ್ಪತ್ತು ಗ್ರಾಂ ನೀರನ್ನು ಉಸಿರಲ್ಲೇ ಹೊರಹಾಕುತ್ತಾನೆ. ನಾಲ್ಕು ಜನ ಕೂತರೆ ಆ ನೀರೆಲ್ಲ ಹೋಗಿ ಕೂರೋದು ಕಾರಿನಲ್ಲಿ ಎಲ್ಲಕ್ಕಿಂತ ತಣ್ಣಗಿರೋ ಗಾಜಿನ ಮೇಲೆ. ಹೊರಗೆ ಸೊನ್ನೆಗಿಂತ ಕೆಳಗಿದ್ದರೆ ಅದು ಅಲ್ಲೇ ಹೆಪ್ಪುಗಟ್ಟುತ್ತೆ. ಡಿಫ್ರಾಸ್ಟರಿನ ಅಗತ್ಯ ಹುಟ್ಟಿದ್ದು ಚಳಿಯಿಂದ ಮಾತ್ರ ಅಲ್ಲ, ಬಾಗಿಲು ಮುಚ್ಚಿದ್ದರಿಂದಲೂ ಹೌದು.

ಹಾಗಾದರೆ ಬಿಸಿ ಎಲ್ಲಿಂದ ತರೋದು? ಪೆಟ್ರೋಲ್ ಎಂಜಿನ್ನು ಸುಟ್ಟ ಇಂಧನದ ಸುಮಾರು ಮೂರನೇ ಒಂದು ಭಾಗ ಮಾತ್ರ ಕೆಲಸಕ್ಕೆ ಬರುತ್ತೆ. ಇನ್ನೊಂದು ಭಾಗ ಹೊಗೆಯ ಜೊತೆ ಹೋಗುತ್ತೆ, ಮತ್ತೊಂದು ಎಂಜಿನ್ ತಣ್ಣಗಿಡುವ ನೀರಿಗೆ ಸೇರುತ್ತೆ. ಹೇಗೂ ಬಿಸಾಡೋ ಶಾಖ, ಅದನ್ನೇ ಬಳಸೋಣ ಅಂತ ತಯಾರಕರು ಯೋಚಿಸಿದರು.

ನಮ್ಮೂರಲ್ಲಿ ಬಚ್ಚಲ ಒಲೆಯ ಕೆಂಡದಲ್ಲಿ ಗೆಣಸು ಸುಡುತ್ತಿದ್ದ ಹಾಗೆ. ಬೆಂಕಿ ಹಾಕಿದ್ದು ಹಂಡೆಯ ನೀರಿಗೆ. ಮನೆಯವರ ಸ್ನಾನ ಮುಗಿದ ಮೇಲೆ ಉಳಿದ ಕೆಂಡ ಗೆಣಸಿಗೆ. ಪುಕ್ಕಟೆ, ರುಚಿಯೂ ಹೆಚ್ಚು. ಆದರೆ ಗೆಣಸಿಗೆ ತನ್ನದೇ ಬೆಂಕಿ ಇಲ್ಲ. ಹಂಡೆಗೆ ಎಷ್ಟು ಸೌದೆ ಹಾಕಿದರು, ಎಷ್ಟು ಹೊತ್ತು ಉರಿಯಿತು, ಅದರ ಮೇಲೇ ಅದರ ಹಣೆಬರಹ. ಕಾರಿನ ಹೀಟರ್ ಮತ್ತು ಡಿಫ್ರಾಸ್ಟರ್ ಎರಡೂ ಹೀಗೇ, ಎಂಜಿನ್ನಿನ ಎಂಜಲಲ್ಲಿ ಬದುಕೋವು.

ಮೊದಲು ಹೊಗೆಯ ಶಾಖಕ್ಕೇ ಕೈ ಹಾಕಿದರು. ಮಾಡೆಲ್ ಟಿ ಮತ್ತು 1927ರ ಕೊನೆಯಲ್ಲಿ ಬಂದ ಮಾಡೆಲ್ ಎ ಕಾರುಗಳಿಗೆ ಸಿಗುತ್ತಿದ್ದ ಹೀಟರುಗಳಲ್ಲಿ ಎಂಜಿನ್ನಿನ ಹೊಗೆ ಹೊರಬರೋ ಕಬ್ಬಿಣದ ಕೊಳವೆಗೆ ಒಂದು ತಗಡಿನ ಕವಚ. ಆ ಕವಚದೊಳಗೆ ಹಾದು ಬಿಸಿಯಾದ ಗಾಳಿ ಕಾಲಿನ ಹತ್ತಿರದ ಕಿಂಡಿಯಿಂದ ಒಳಗೆ ಬರುತ್ತಿತ್ತು. ಬೇಗ ಬಿಸಿಯಾಗುತ್ತೆ, ಅಗ್ಗ. ಅಪಾಯವೂ ಅಷ್ಟೇ. ಆ ಕೊಳವೆ ಬಿರುಕು ಬಿಟ್ಟರೆ, ಇಲ್ಲಾ ಗ್ಯಾಸ್ಕೆಟ್ ಸುಟ್ಟುಹೋದರೆ, ಬಿಸಿ ಗಾಳಿಯ ಜೊತೆ ಕಾರ್ಬನ್ ಮೊನಾಕ್ಸೈಡ್ ಕೂಡ ಒಳಗೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕೂತವರಿಗೆ ನಿದ್ದೆ ಬಂದ ಹಾಗಾಗುತ್ತೆ ಅಷ್ಟೆ.

ಅದಕ್ಕಿಂತ ವಾಸಿ ಅನ್ನಿಸಿದ್ದು ನೀರಿನ ದಾರಿ. ಎಂಜಿನ್ನಿನಲ್ಲಿ ಕಾದ ನೀರನ್ನು ಕಾರಿನೊಳಗಿನ ಸಣ್ಣ ರೇಡಿಯೇಟರಿಗೆ ತಂದು, ಅದರ ಹಿಂದೆ ಒಂದು ಫ್ಯಾನ್ ಇಡೋದು. ಇದನ್ನೇ ಇವತ್ತು ಹೀಟರ್ ಕೋರ್ ಅನ್ನೋದು. ಮಾಡೆಲ್ ಟಿಗಳಲ್ಲಿ ಹೆಚ್ಚುಕಡಿಮೆ ಯಾವುದಕ್ಕೂ ನೀರಿನ ಪಂಪೇ ಇರಲಿಲ್ಲ, ಬಿಸಿ ನೀರು ತಾನಾಗೇ ಮೇಲೇರಿ ಹರಿಯಬೇಕಿತ್ತು. ಪಂಪ್ ಇರೋ ಎಂಜಿನ್ನುಗಳು ಸಾಮಾನ್ಯವಾದ ಮೇಲೆ, 1930ರ ದಶಕದಲ್ಲಿ, ಬಿಸಿನೀರಿನ ಹೀಟರ್ ಊರೂರಿನ ಅಂಗಡಿಯಲ್ಲಿ ಮಾರುವ ವಸ್ತುವಾಯಿತು. ಎಂಜಿನ್ ಕಾಯುವ ತನಕ ಕಾಯೋಕೆ ಆಗದವರಿಗಾಗಿ ಸ್ಟುವರ್ಟ್ ವಾರ್ನರ್ ಕಂಪನಿ ಸೌತ್ ವಿಂಡ್ ಅನ್ನೋ ಹೀಟರ್ ಮಾರಿತು. ಅದು ಎಂಜಿನ್ನಿನ ಎಂಜಲಿಗೆ ಕಾಯದೆ ತಾನೇ ಒಂದಿಷ್ಟು ಪೆಟ್ರೋಲ್ ಸುಟ್ಟುಕೊಳ್ಳುತ್ತಿತ್ತು.

ನೀರಿನ ಹೀಟರಿಗೆ ಒಂದು ಗುಪ್ತ ಶತ್ರು ಇತ್ತು, ಆಲ್ಕೋಹಾಲ್. ನೀರು ಹೆಪ್ಪುಗಟ್ಟಬಾರದು ಅಂತ ಅದಕ್ಕೆ ಮೆಥನಾಲ್ ಅಥವಾ ಎಥನಾಲ್ ಬೆರೆಸುತ್ತಿದ್ದರು. ಮೆಥನಾಲ್ 65 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತೆ, ಎಥನಾಲ್ 78ಕ್ಕೆ. ಅದು ಆವಿಯಾಗಿ ಹೋಗಬಾರದು ಅಂದರೆ ಎಂಜಿನ್ನನ್ನೇ ತಣ್ಣಗಿಡಬೇಕು. ಅದಕ್ಕೇ ಬೇಗ ತೆರೆದುಕೊಳ್ಳೋ, 70 ಡಿಗ್ರಿ ಸುಮಾರಿನ ಥರ್ಮೋಸ್ಟಾಟ್ ಹಾಕುತ್ತಿದ್ದರು. ಅಂದರೆ ಹೀಟರಿಗೆ ಬರೋ ನೀರೂ ಅಷ್ಟಕ್ಕಷ್ಟೇ. 1927ರಲ್ಲಿ ಪ್ರೆಸ್ಟೋನ್ ಹೆಸರಲ್ಲಿ ಎಥಿಲೀನ್ ಗ್ಲೈಕಾಲ್ ಮಾರುಕಟ್ಟೆಗೆ ಬಂತು. ಅದರ ಕುದಿಬಿಂದು 197 ಡಿಗ್ರಿ. 1930ರ ದಶಕದಲ್ಲಿ ಸೆರ್ಜಿಯಸ್ ವರ್ನೆ ಮೇಣ ತುಂಬಿದ ಥರ್ಮೋಸ್ಟಾಟ್ ರೂಪಿಸಿದ. ಮೇಣ ಕರಗಿ ಹಿಗ್ಗಿದಾಗ ಕವಾಟ ತೆರೆಯುತ್ತೆ, ತಣಿದರೆ ಮುಚ್ಚುತ್ತೆ. ಇವೆರಡೂ ಬಳಕೆಗೆ ಬರುತ್ತ ಬಂದ ಹಾಗೆ ಎಂಜಿನ್ನಿನ ನೀರಿನ ಬಿಸಿ 80, ಆಮೇಲೆ 90 ಡಿಗ್ರಿ ಸುಮಾರಿಗೆ ಏರಿತು.

ಇವತ್ತು ಡಿಫ್ರಾಸ್ಟರ್ ಸೊರಗಿದರೆ ಮೊದಲು ನೋಡಬೇಕಾದ್ದು ಇದೇ ಪದರ. ಹದಿನೈದು ನಿಮಿಷ ಓಡಿಸಿದ ಮೇಲೂ ಟೆಂಪರೇಚರ್ ಮುಳ್ಳು ಕೆಳಗೇ ಇದ್ದರೆ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಹಾಕಿಕೊಂಡಿರೋ ಸಾಧ್ಯತೆ ಹೆಚ್ಚು, ಎಂಜಿನ್ ಕಾಯೋಕೆ ಮುಂಚೇನೇ ನೀರು ಮುಂದಿನ ರೇಡಿಯೇಟರಿಗೆ ಹೋಗಿ ತಣ್ಣಗಾಗುತ್ತಿದೆ ಅಂತ ಅರ್ಥ. ಕೂಲೆಂಟ್ ಕಡಿಮೆ ಇದ್ದರೂ ಹೀಗಾಗುತ್ತೆ. ಅದನ್ನು ಎಂಜಿನ್ ಪೂರ್ತಿ ತಣಿದ ಮೇಲೇ ನೋಡಬೇಕು, ಬಿಸಿ ಇರುವಾಗ ಮುಚ್ಚಳ ತೆಗೆದರೆ ಮುಖ ಸುಡುತ್ತೆ.

ಎರಡನೇ ಚಳಿಗಾಲದಲ್ಲಿ ನಾನೊಂದು ಹಳೇ ಕಾರು ಕೊಂಡಿದ್ದೆ. ಡಿಸೆಂಬರಿನಲ್ಲಿ ಅದರ ಡಿಫ್ರಾಸ್ಟರ್ ಗಾಜಿನ ಕೆಳಗೆ ಬೆರಳಗಲದ ಜಾಗ ಬಿಟ್ಟು ಏನೂ ಕರಗಿಸುತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜ ಕಾರು ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಬಾನೆಟ್ ಎತ್ತಿಸಿ, ಡ್ಯಾಶ್‌ಬೋರ್ಡಿನ ಕಡೆ ಹೋಗೋ ಎರಡು ರಬ್ಬರ್ ಕೊಳವೆ ತೋರಿಸಿ, ದಪ್ಪ ಬಟ್ಟೆ ಸುತ್ತಿಕೊಂಡು ಒಂದೊಂದಾಗಿ ಮುಟ್ಟು ಅಂದ. ಒಂದು ಸುಡುತ್ತಿತ್ತು, ಇನ್ನೊಂದು ಉಗುರುಬೆಚ್ಚಗೆ. ಎರಡೂ ಬಿಸಿ ಇದ್ದರೆ ಬಿಸಿ ಒಳಗೆ ಬರ್ತಾ ಇದೆ, ಗಾಳಿಯ ಕಡೆ ಹುಡುಕು. ಒಂದು ಮಾತ್ರ ಬಿಸಿ ಇದ್ದರೆ ಕೋರ್ ಕಟ್ಟಿಕೊಂಡಿದೆ ಅಥವಾ ಒಳಗೆ ಗಾಳಿ ಸಿಕ್ಕಿಕೊಂಡಿದೆ. ಎರಡೂ ತಣ್ಣಗಿದ್ದರೆ ನೀರೇ ಬರ್ತಾ ಇಲ್ಲ. ಅವನು ಹೇಳಿದ್ದು ಇಷ್ಟು, ಎರಡು ನಿಮಿಷದ ಮಾತು. ನಮ್ಮಪ್ಪ ಗದ್ದೆಯಲ್ಲಿ ಪಂಪ್‌ಸೆಟ್ ನೀರೆತ್ತದಿದ್ದಾಗ ಪೈಪಿನುದ್ದಕ್ಕೂ ಕೈ ಆಡಿಸಿಕೊಂಡು ಹೋಗುತ್ತಿದ್ದ ರೀತಿ ನೆನಪಾಯಿತು. ಕೋರನ್ನು ಉಲ್ಟಾ ದಿಕ್ಕಿನಿಂದ ನೀರು ಹಾಯಿಸಿ ತೊಳೆಸಿದ ಮೇಲೆ ಕಾರು ಸರಿಹೋಯಿತು.

ನೀರಿನ ಕಡೆ ಸರಿ ಇದ್ದರೆ ಉಳಿಯೋದು ಗಾಳಿಯ ಕಡೆ. ಇಲ್ಲಿಯ ಇತಿಹಾಸದಲ್ಲಿ ದೊಡ್ಡ ಹೆಸರು ನ್ಯಾಶ್ ಕಂಪನಿ. ಅಲ್ಲಿಯ ತನಕ ಹೀಟರುಗಳು ಕಾರಿನೊಳಗಿನ ಗಾಳಿಯನ್ನೇ ಮತ್ತೆ ಮತ್ತೆ ಸುತ್ತಿಸುತ್ತಿದ್ದವು. ಕಾಲು ಬೆಚ್ಚಗಾಗುತ್ತಿತ್ತು, ಗಾಜು ಇನ್ನಷ್ಟು ಮಸುಕಾಗುತ್ತಿತ್ತು, ಯಾಕಂದ್ರೆ ಅದು ಎಲ್ಲರ ಉಸಿರು ಬೆರೆತ ಒದ್ದೆ ಗಾಳಿ. 1938ರ ಮಾಡೆಲಿನಲ್ಲಿ ನ್ಯಾಶ್ ಹೊರಗಿನ ಗಾಳಿಯನ್ನು ಒಳಗೆಳೆದು, ಸೋಸಿ, ಬಿಸಿಮಾಡಿ ಬಿಟ್ಟಿತು. ಮರುವರ್ಷ ಅದಕ್ಕೆ ಥರ್ಮೋಸ್ಟಾಟ್ ಸೇರಿಸಿ ವೆದರ್ ಐ ಅಂತ ಹೆಸರಿಟ್ಟಿತು. ಹೊರಗಿನ ಚಳಿ ಗಾಳಿಯಲ್ಲಿ ನೀರಿನ ಅಂಶ ತೀರಾ ಕಡಿಮೆ. ಅದನ್ನು ಬಿಸಿ ಮಾಡಿದರೆ ಒಣ ಬಟ್ಟೆಯ ಹಾಗೆ ತೇವ ಹೀರುತ್ತೆ. ಇವತ್ತೂ ಗಾಜು ತಿಳಿಯಾಗಬೇಕಾದರೆ ರೀಸರ್ಕ್ಯುಲೇಷನ್ ಬಟನ್ ಆಫ್ ಇರಬೇಕು ಅನ್ನೋದು ಇದಕ್ಕೇ. ಹೊರಗಿನ ಗಾಳಿ ಬರೋ ಜಾಗ ವೈಪರಿನ ಬುಡದ ಜಾಲರಿ. ಅಲ್ಲಿ ಹಿಮವೋ ಒಣಗಿದೆಲೆಯೋ ತುಂಬಿದ್ದರೆ, ಗ್ಲವ್ ಬಾಕ್ಸಿನ ಹಿಂದಿನ ಕ್ಯಾಬಿನ್ ಫಿಲ್ಟರ್ ಧೂಳು ಕಟ್ಟಿದ್ದರೆ, ಎಷ್ಟು ಬಿಸಿ ಇದ್ದರೂ ಗಾಳಿಯೇ ಬರಲ್ಲ. ಗಾಳಿ ಕಾಲಿಗೆ ಜೋರಾಗಿ ಬಂದು ಗಾಜಿಗೆ ಮಾತ್ರ ಬರದಿದ್ದರೆ ಒಳಗಿನ ದಾರಿ ಬದಲಿಸೋ ಫ್ಲಾಪ್ ಸಿಕ್ಕಿಕೊಂಡಿದೆ.

ಗಾಜಿಗೆ ಪ್ರತ್ಯೇಕ ಬಿಸಿ ಗಾಳಿ ಕೊಡೋ ಪದ್ಧತಿ ಬೆಳೆದದ್ದು 1930ರ ದಶಕದಲ್ಲಿ. ಅದೂ ಹೇಗೆ? ಹೀಟರ್ ಪೆಟ್ಟಿಗೆಗೆ ಎರಡು ತೂತು ಕೊರೆದು, ಸಣ್ಣ ಕೊಳವೆ ಸಿಕ್ಕಿಸಿ, ಗಾಜಿನ ಬುಡಕ್ಕೆ ತಂದು ಬಿಟ್ಟರು. ಅದೂ ಬೇಡ ಅಂದವರಿಗೆ ಗಾಜಿಗೆ ರಬ್ಬರ್ ಬಟ್ಟಲಿನಿಂದ ಅಂಟಿಸೋ ತಂತಿಯ ಚೌಕಟ್ಟು, ಬ್ಯಾಟರಿಯಿಂದ ಬಿಸಿಯಾಗೋದು, ಪುಸ್ತಕದಷ್ಟಗಲ ಜಾಗ ಕರಗಿಸೋದು. ಕಾಲಿಗೆ ಕೊಟ್ಟು ಉಳಿದದ್ದು ಕಣ್ಣಿಗೆ. ಎಂಜಲಿನಲ್ಲೂ ಎಂಜಲು.

ಈ ಪಾಡನ್ನು ಚೆನ್ನಾಗಿ ತೋರಿಸೋ ಕಾರು ವೋಕ್ಸ್‌ವ್ಯಾಗನ್ ಬೀಟಲ್. ಅದರ ಎಂಜಿನ್ ಹಿಂದೆ, ತಣ್ಣಗಾಗೋದು ಗಾಳಿಯಿಂದ, ನೀರೇ ಇಲ್ಲ. ಹಿಂದಿನ ಹೊಗೆ ಕೊಳವೆಯ ಸುತ್ತ ಬಿಸಿಯಾದ ಗಾಳಿ ಬಾಗಿಲ ಕೆಳಗಿನ ಉಕ್ಕಿನ ಸುರಂಗದಲ್ಲಿ ಕಾರಿನುದ್ದಕ್ಕೂ ನಡೆದು ಮುಂದಿನ ಗಾಜಿಗೆ ಬರಬೇಕು. ಬರುವಷ್ಟರಲ್ಲಿ ಅರ್ಧ ಬಿಸಿ ದಾರಿಯಲ್ಲೇ ಖರ್ಚು. ಉಪ್ಪು ಹಾಕಿದ ಚಳಿಗಾಲದ ರಸ್ತೆಯಲ್ಲಿ ಆ ಸುರಂಗಕ್ಕೆ ತುಕ್ಕು ಹಿಡಿದರೆ ಉಳಿದರ್ಧವೂ ಹೊರಗೆ. ಓಡಿಸುತ್ತಲೇ ಗಾಜಿನ ಒಳಗಡೆಯಿಂದ ಹಿಮ ಕೆರೆಯೋದು ಬೀಟಲ್ ಮಾಲೀಕರ ಚಳಿಗಾಲದ ದಿನಚರಿಯಾಗಿತ್ತು.

ಇಷ್ಟೆಲ್ಲ ಆದರೂ ಡಿಫ್ರಾಸ್ಟರ್ ಬಹಳ ಕಾಲ ಆಪ್ಷನಲ್ ಆಗಿಯೇ ಇತ್ತು. ಹೀಟರ್ ಬೇಕಾದವರು ಪಟ್ಟಿಯಲ್ಲಿ ಟಿಕ್ ಹಾಕಿ ದುಡ್ಡು ಕೊಡಬೇಕು. 1965ರಲ್ಲಿ ರಾಲ್ಫ್ ನೇಡರ್ ಕಾರುಗಳ ಸುರಕ್ಷತೆ ಬಗ್ಗೆ ಬರೆದ ಪುಸ್ತಕ ಅಮೆರಿಕದಲ್ಲಿ ದೊಡ್ಡ ಗಲಾಟೆ ಎಬ್ಬಿಸಿತು. 1966ರ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ವಾಹನ ಸುರಕ್ಷತಾ ಕಾಯ್ದೆಗೆ ಸಹಿ ಹಾಕಿದರು. ಅದರ ಅಡಿಯಲ್ಲಿ ಬಂದ 103ನೇ ಮಾನದಂಡ 1968ರ ಜನವರಿ 1ರಿಂದ ಪ್ರತಿ ಹೊಸ ಪ್ಯಾಸೆಂಜರ್ ಕಾರಿಗೂ ಗಾಜು ತಿಳಿಗೊಳಿಸುವ ವ್ಯವಸ್ಥೆಯನ್ನು ಕಡ್ಡಾಯ ಮಾಡಿತು. ಮಾಡೆಲ್ ಟಿ ಬಂದು ಅಷ್ಟೊತ್ತಿಗೆ ಅರವತ್ತು ವರ್ಷ. ಯುರೋಪಿನ 78/317 ಸಂಖ್ಯೆಯ ನಿರ್ದೇಶನ ಅದಕ್ಕೆ ಅಳತೆಗೋಲು ಕೊಟ್ಟಿತು. ಕಾರನ್ನು ಮೈನಸ್ 18 ಅಥವಾ ಮೈನಸ್ 8 ಡಿಗ್ರಿಯ ಕೋಣೆಯಲ್ಲಿಟ್ಟು, ಗಾಜಿಗೆ ನೀರು ಚಿಮುಕಿಸಿ ಹೆಪ್ಪುಗಟ್ಟಿಸಿ, ಎಂಜಿನ್ ಶುರು ಮಾಡಿ 20 ನಿಮಿಷದೊಳಗೆ ಡ್ರೈವರ್ ಎದುರಿನ ಮುಖ್ಯ ಜಾಗದ ಶೇಕಡಾ 80 ಕರಗಬೇಕು. 40 ನಿಮಿಷಕ್ಕೆ ಗಾಜಿನ ದೊಡ್ಡ ಭಾಗದ ಶೇಕಡಾ 95.

20 ನಿಮಿಷ ಯಾಕೆ ಬೇಕು? ಲೆಕ್ಕ ಹಾಕಿ ನೋಡೋಣ. ಒಂದು ಚದರ ಮೀಟರ್ ಗಾಜಿನ ಮೇಲೆ ಒಂದು ಮಿಲಿಮೀಟರ್ ದಪ್ಪದ ಮಂಜುಗಡ್ಡೆ ಅಂದರೆ ಸುಮಾರು 920 ಗ್ರಾಂ. ಅದನ್ನು ಮೈನಸ್ 18ರಿಂದ ಸೊನ್ನೆಗೆ ತಂದು ಕರಗಿಸೋಕೆ ಸುಮಾರು 340 ಕಿಲೋಜೂಲ್. ಸಾವಿರ ವ್ಯಾಟಿನ ಇಸ್ತ್ರಿ ಪೆಟ್ಟಿಗೆ ಆರು ನಿಮಿಷದಲ್ಲಿ ಕೊಡೋ ಶಾಖ. ದೊಡ್ಡ ವಿಷಯ ಅಲ್ಲ. ಉಳಿದ ಸಮಯ ಹೋಗೋದು ಎಂಜಿನ್ ಕಾಯೋದಕ್ಕೆ. ನಿಂತಲ್ಲೇ ಐಡ್ಲಿಂಗ್ ಮಾಡೋ ಸಣ್ಣ ಎಂಜಿನ್ ಗಂಟೆಗೆ ಒಂದು ಲೀಟರ್ ಪೆಟ್ರೋಲನ್ನೂ ಸುಡಲ್ಲ, ಹಾಗಾಗಿ ಎಂಜಲೂ ಕಡಿಮೆ. ಓಡಿಸಿದರೆ ಬೇಗ ಕಾಯುತ್ತೆ, ಆದರೆ ಗಾಜು ಕಾಣದೆ ಓಡಿಸೋ ಹಾಗಿಲ್ಲ. ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ ಅನ್ನೋ ಗಾದೆ ಥರ.

ಮುಂದೆ ಎಸಿ ಬಂದು ಒಂದು ಸಹಾಯ ಮಾಡಿತು. ಡಿಫ್ರಾಸ್ಟ್ ಬಟನ್ ಒತ್ತಿದಾಗ ಎಷ್ಟೋ ಕಾರುಗಳಲ್ಲಿ ಎಸಿ ಕೂಡ ತಾನೇ ಆನ್ ಆಗುತ್ತೆ, ಗಾಳಿಯ ತೇವ ಹಿಂಡಿ ತೆಗೆಯೋಕೆ. ಶಿರಾಡಿಯಲ್ಲಿ ನಮ್ಮನ್ನು ಕಾಯೋದು ಇದೇ. ತೀರಾ ಚಳಿಯಲ್ಲಿ ಎಸಿಯ ಕಂಪ್ರೆಸರ್ ಕೆಲಸ ಮಾಡಲ್ಲ, ಅಲ್ಲಿ ಮತ್ತೆ ಬಿಸಿಯೇ ಗತಿ. ಬಿಸಿ ಹಾಕಿದಷ್ಟೂ ಗಾಜು ಮಸುಕಾಗಿ, ಎಣ್ಣೆ ಸವರಿದಂಥ ಪದರ ಕಟ್ಟಿ, ಸಿಹಿ ವಾಸನೆ ಬಂದರೆ ಹೀಟರ್ ಕೋರ್ ಸೋರುತ್ತಿದೆ ಅಂತ ತಿಳೀಬೇಕು.

ಈಗ ವಿಚಿತ್ರ ನೋಡಿ. ಎಂಜಿನ್ ಉತ್ತಮವಾದಷ್ಟೂ ಎಂಜಲು ಕಡಿಮೆಯಾಗುತ್ತ ಬಂತು. 2009ರ ಮೂರನೇ ತಲೆಮಾರಿನ ಟೊಯೊಟಾ ಪ್ರಿಯಸ್‌ನಲ್ಲಿ ಹೊಗೆಯ ಶಾಖವನ್ನು ಹಿಡಿದು ಕೂಲೆಂಟಿಗೆ ಕೊಡೋ ವ್ಯವಸ್ಥೆ ಸೇರಿಸಬೇಕಾಯಿತು. ಎಲೆಕ್ಟ್ರಿಕ್ ಕಾರಿನಲ್ಲಂತೂ ಎಂಜಿನ್ನೇ ಇಲ್ಲ. ನಮ್ಮೂರಿನ ಬಚ್ಚಲಿಗೆ ಗೀಸರ್ ಬಂದ ಮೇಲೆ ಕೆಂಡವೂ ಹೋಯಿತು, ಸುಟ್ಟ ಗೆಣಸೂ ಹೋಯಿತು. ಇವಿಯಲ್ಲಿ ಗಾಜಿಗೆ ಬಿಸಿ ಬೇಕೆಂದರೆ ಬ್ಯಾಟರಿಯಿಂದಲೇ ತೆಗೀಬೇಕು, ಕರಗಿಸಿದ ಪ್ರತಿ ಗ್ರಾಂ ಹಿಮಕ್ಕೂ ಅಷ್ಟು ರೇಂಜ್ ಕಡಿಮೆ. ಅದಕ್ಕೇ ನಿಸ್ಸಾನ್ ಲೀಫ್‌ನ 2013ರ ಮಾಡೆಲಿಗೆ, 2020ರಲ್ಲಿ ಬಂದ ಟೆಸ್ಲಾ ಮಾಡೆಲ್ ವೈಗೆ ಹೀಟ್ ಪಂಪ್ ಬಂತು. ಆದರೆ ಇನ್ನೊಂದು ಕಡೆಯಿಂದ ನೋಡಿದರೆ ಇದು ಒಳ್ಳೆಯದೇ. ಮೇರಿ ಆಂಡರ್ಸನ್ ಕಾಲದಿಂದ ಬೇರೆಯವರ ಒಲೆ ಕಾಯುತ್ತ ಕೂತಿದ್ದ ಗಾಜಿಗೆ ಈಗ ತನ್ನದೇ ಒಲೆ ಸಿಕ್ಕಿದೆ. ಮನೆಯೊಳಗಿಂದಲೇ ಫೋನಿನಲ್ಲಿ ಶುರು ಮಾಡಬಹುದು, ಎಂಜಿನ್ ಕಾಯಲಿ ಅಂತ ಕಾಯಬೇಕಾಗಿಲ್ಲ.

ಆ ಕಾರು ಎಲ್ಲರ ಕೈಗೆ ಬರೋಕೆ ಇನ್ನೂ ಸಮಯ ಇದೆ. ಅಲ್ಲಿಗೆ ಹೊಸದಾಗಿ ಹೋಗೋ ನಮ್ಮ ಹುಡುಗ ಹುಡುಗಿಯರು ಮೊದಲ ವರ್ಷ ಕೊಳ್ಳೋದು ಸಾಮಾನ್ಯವಾಗಿ ಹಳೇ ಪೆಟ್ರೋಲ್ ಕಾರು. ಅವರಿಗೆ ಹೇಳೋದಿಷ್ಟು. ಅಕ್ಟೋಬರಿನಲ್ಲೇ, ಇನ್ನೂ ಬೆರಳು ಮರಗಟ್ಟದಿರುವಾಗ, ಮುಳ್ಳು ನೋಡಿ, ಕೂಲೆಂಟ್ ನೋಡಿ, ಆ ಎರಡು ಕೊಳವೆ ಮುಟ್ಟಿ, ಫಿಲ್ಟರ್ ಬದಲಿಸಿ. ಹೆಪ್ಪುಗಟ್ಟಿದ ಗಾಜಿಗೆ ಬಿಸಿ ನೀರು ಸುರಿಯಬೇಡಿ, ಬಿರಿಯುತ್ತೆ. ಮುಚ್ಚಿದ ಗ್ಯಾರೇಜಿನಲ್ಲಿ, ಅಥವಾ ಸೈಲೆನ್ಸರ್ ಬಾಯಿ ಹಿಮದಲ್ಲಿ ಹೂತಿರುವಾಗ, ಎಂಜಿನ್ ಓಡಿಸುತ್ತ ಕೂರಬೇಡಿ. ಮಾಡೆಲ್ ಎ ಕಾಲದ ಕಾರ್ಬನ್ ಮೊನಾಕ್ಸೈಡ್ ಈಗಲೂ ಅದೇ ಕೆಲಸ ಮಾಡುತ್ತೆ. ಬೆಳಿಗ್ಗೆ ಮೀಟಿಂಗಿಗೆ ತಡವಾದರೂ ಗಾಜು ಪೂರ್ತಿ ತಿಳಿಯಾಗೋ ತನಕ ಗಾಡಿ ತೆಗೀಬೇಡಿ. ಶಾಲೆ ಬಸ್ಸಿಗೆ ಕಾಯೋ ಮಗುವಿಗೆ ನಿಮ್ಮ ಮೀಟಿಂಗ್ ಗೊತ್ತಿರಲ್ಲ, ನೀವು ತನ್ನನ್ನು ನೋಡಿದ್ದೀರಿ ಅಂತಲೇ ಅದು ರಸ್ತೆಗೆ ಇಳಿಯುತ್ತೆ.